ನೀರಿಗೆ ಏನು ಹಾಕ್ತೀರಿ?

ನೀರಿನ ಬಗ್ಗೆ ನನಗೆ ವೃತ್ತಿಯ ಕಾರಣದಿಂದ ಬಂದ ಒಂದು ಗೌರವವಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಶಾಲೆಯ ಪುಸ್ತಕ ಅದನ್ನು ಪರಿಚಯಿಸುತ್ತದಲ್ಲ, ವರದಿಗಾರರಿಂದ ನಾನು ಜೀವಮಾನವಿಡೀ ಬಯಸಿದ್ದು ಅಂಥ ಬರಹವನ್ನೇ. ಬೆಳಗಾವಿಯ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕುಳಿತು ನಾನು ಮಾಡಿದ ಮುಖ್ಯ ಕೆಲಸವೆಂದರೆ ವಿಶೇಷಣಗಳನ್ನು ಹೊಡೆದುಹಾಕುವುದು. ‘ಅದ್ದೂರಿ ಸಮಾರಂಭ’ ಎಂದು ಬಂದದ್ದು ನನ್ನ ಮೇಜು ದಾಟುವಾಗ ಬರೀ ಸಮಾರಂಭವಾಗಿರುತ್ತಿತ್ತು. ಅಂಥವನು ನಿವೃತ್ತಿಯ ನಂತರ ಸದಾಶಿವನಗರದ ನಮ್ಮ ಅಡುಗೆಮನೆಯಲ್ಲಿ ನಿಂತು ಒಂದು ತಂಬಿಗೆ ನೀರಿಗೆ ವಿಶೇಷಣಗಳನ್ನು ಸೇರಿಸತೊಡಗಿದೆನೆಂದರೆ ಅದಕ್ಕೊಂದು ಕಾರಣ ಬೇಕಷ್ಟೆ.

ಕಾರಣ ನನ್ನ ಹೆಂಡತಿ ಗಿರಿಜಾ. ಖಾನಾಪುರದ ಆಚೆಯ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕಿಯಾಗಿದ್ದವಳು, ಈಗ ಅವಳೂ ನಿವೃತ್ತಳು. ಬೇಸಿಗೆಯಲ್ಲಿ ಅವಳ ಮೂತ್ರಪಿಂಡದಿಂದ ಒಂದು ಹರಳು ಬಿತ್ತು. ಬೀಳುವ ಮೊದಲು ಅದು ಕೊಟ್ಟ ನೋವನ್ನು ನಾನು ವಿಶೇಷಣವಿಲ್ಲದೆ ಬರೆಯಲಾರೆ, ಆದ್ದರಿಂದ ಬಿಡುತ್ತೇನೆ. ಇನ್ನೊಂದು ಹರಳು ಒಳಗೇ ಕೂತಿದೆ ಎಂದು ಸ್ಕ್ಯಾನ್ ಹೇಳಿತು. ಡಾಕ್ಟರು ಅವಳ ಕಡೆ ನೋಡಿ, “ಟೀಚರ್, ನೀರು ಕುಡೀರಿ. ಇಲ್ಲಂದ್ರ ಇದು ದೊಡ್ಡದಾಗತೈತಿ, ಮುಂದಿನ ಸಲ ನಾವು ಆಪರೇಶನ್ ಟೇಬಲ್ ಮ್ಯಾಲ ಭೇಟಿ ಆಗೂದು” ಎಂದರು.

“ಕುಡೀತೇನಲ್ರೀ, ಬೇಕಾದಷ್ಟು” ಎಂದಳು ಗಿರಿಜಾ.

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಸತ್ಯವನ್ನೇ ಹೇಳಿದೆ. ರಿಕ್ಷಾದಲ್ಲಿ ಅವಳು ತನ್ನ ಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಕೂತಳು.

ಕುಡಿಯುವುದಿಲ್ಲವೆಂದರೆ ರುಚಿಸುವುದಿಲ್ಲ ಎಂದೇ ಅರ್ಥ, ಇದು ನನ್ನ ತೀರ್ಮಾನ. ನಳದ ನೀರಿಗೆ ರುಚಿ ತರಿಸುವ ಕೆಲಸಕ್ಕೆ ಕೈ ಹಾಕಿದೆ. ಫೋನಿಗೆ ಬರುವ ಸಂದೇಶಗಳಲ್ಲಿ ಇದಕ್ಕೆ ಬೇಕಾದ ವಿದ್ಯೆ ಧಾರಾಳವಾಗಿದೆ. ಜೀರಿಗೆ ನೀರು ಸಕಲ ರೋಗಕ್ಕೂ ಒಳ್ಳೆಯದಂತೆ, ತುಳಸಿ ನೀರು ಅದಕ್ಕಿಂತ ಒಳ್ಳೆಯದಂತೆ. ಈ ‘ಅಂತೆ’ಗಳ ಮೂಲ ಯಾರು ಎಂದು ಕೇಳುವ ನನ್ನ ಹಳೆಯ ಚಟವನ್ನು ತಾತ್ಕಾಲಿಕವಾಗಿ ಬದಿಗಿಟ್ಟೆ. ಸೋಮವಾರ ಜೀರಿಗೆ, ಮಂಗಳವಾರ ನಿಂಬೆಹೋಳು, ಆಮೇಲೆ ತುಳಸಿ, ಸೋಂಪು, ಖಾನಾಪುರದ ಕೋಕಂ ಸಿಪ್ಪೆ. ಕೋಕಂ ನೀರು ಮುಸ್ಸಂಜೆಯ ಬಣ್ಣಕ್ಕೆ ತಿರುಗಿದಾಗ ನನಗೇ ಒಂದು ಪದ್ಯ ಬರೆಯಬೇಕೆನಿಸಿತು, ತಡೆದುಕೊಂಡೆ.

ಬಾಜು ಮನೆಯ ಜೈನ ಅಜ್ಜಿ ನನ್ನ ಪ್ರಯೋಗಗಳನ್ನು ಕಾಂಪೌಂಡ್ ಗೋಡೆಯ ಮೇಲಿಂದ ಗಮನಿಸುತ್ತಿದ್ದರು. “ಲವಂಗದ ಪುಡಿ ಹಾಕಪಾ” ಎಂದರು. ಅವರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ, ಅದರಲ್ಲಿ ಕೆಲ ಹೊತ್ತು ಮತ್ತೆ ಸೂಕ್ಷ್ಮಜೀವ ಹುಟ್ಟದಿರಲೆಂದು ಲವಂಗ ಬೆರೆಸುವ ರೂಢಿಯಿದೆ. ನಾನು ನಾಲಿಗೆಗೆಂದು ಹಾಕುವುದನ್ನು ಅವರು ಧರ್ಮಕ್ಕೆಂದು ಹಾಕುತ್ತಾರೆ. ಅದೇ ಲವಂಗ, ಅದೇ ನೀರು. ಒಂದೇ ಸುದ್ದಿಗೆ ಎರಡು ತಲೆಬರಹ.

ಗಿರಿಜಾ ಎಲ್ಲವನ್ನೂ ಒಂದು ಗುಟುಕು ಕುಡಿದು “ಚಲೋ ಐತಿ” ಎಂದು ಲೋಟ ಕೆಳಗಿಡುತ್ತಿದ್ದಳು. ಜೀರಿಗೆಗೂ ಚಲೋ ಐತಿ, ಕೋಕಂಗೂ ಚಲೋ ಐತಿ. ಓದದೆಯೇ ‘ಗುಡ್’ ಎಂದು ಬರೆದು ನೋಟ್‌ಬುಕ್ ವಾಪಸ್ ಕೊಡುವ ಟೀಚರರ ಹಾಗೆ.

ಕೊನೆಗೆ ಖಾನಾಪುರದ ವೈನಿಗೆ, ಅಂದರೆ ಗಿರಿಜಾಳ ಅಣ್ಣನ ಹೆಂಡತಿಗೆ, ಫೋನ್ ಮಾಡಿದೆ. ಆ ಊರಿನ ಹಲವರಂತೆ ವೈನಿಯ ಮಾತೂ ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಇಳಿಯುತ್ತದೆ.

“ಅಣ್ಣಾರ, ಅದೆಲ್ಲಾ ಬಿಡ್ರಿ. ಗಡಗ್ಯಾಗ ವಾಳಾ ಹಾಕ್ರಿ. ಚಲೋತಂಗ ತೊಳದು ಹಾಕ್ರಿ ಮತ್ತ.”

ನಮ್ಮ ಮೊಮ್ಮಗಳು ಚಿಕ್ಕವಳಿದ್ದಾಗ ಅವಳ ಕಾಲಿಗೆ ಬೆಳ್ಳಿಯ ಕಡಗ ಹಾಕಿದ್ದೆವು. ಶಹಾಪುರದ ಬೆಳ್ಳಿ ಅಂಗಡಿಯವರು ಅದನ್ನು ವಾಳಾ ಎಂದೇ ಕೊಟ್ಟಿದ್ದರು. ನನಗೆ ಗೊತ್ತಿದ್ದ ವಾಳಾ ಅದೊಂದೇ. ಆದರೂ ಒಬ್ಬರ ಮಾತನ್ನು ನಂಬಿ ಸುದ್ದಿ ಅಚ್ಚಿಗೆ ಕಳಿಸಿದವನಲ್ಲ ನಾನು. ಜೈನ ಅಜ್ಜಿಯನ್ನು ಕೇಳಿದೆ: “ನೀರಾಗ ಬೆಳ್ಳಿ ಹಾಕಿದ್ರ ಚಲೋ ಅಲ್ರೀ?” ಅವರು, “ಹಿಂದಕ ಹಾಕತಿದ್ರಪಾ” ಎಂದರು. ಎರಡು ಮೂಲಗಳಿಂದ ದೃಢಪಟ್ಟಿತು. ಕಪಾಟಿನಿಂದ ಕಡಗಗಳನ್ನು ತೆಗೆದು, ತಿಕ್ಕಿ, ಕುದಿಸಿ, ಗಡಿಗೆಯಲ್ಲಿ ಬಿಟ್ಟೆ.

ಮರುದಿನ ಗಿರಿಜಾ ನೀರು ತೆಗೆಯಲು ಹೋದಾಗ ಒಳಗೆ ಗಿಲ್ ಎಂದಿತು. ಅವಳು ಕೈಹಾಕಿ ಕಡಗವನ್ನು ಮೇಲೆತ್ತಿ ನನ್ನನ್ನು ನೋಡಿದಳು.

“ಪಾದೋದಕ ಅಂದ್ರ ಗುರುವಿಂದು ತಗೋತಾರ್ರೀ. ಮೊಮ್ಮಗಳದು ಯಾವಾಗಿಂದ ಚಾಲೂ ಮಾಡಿದ್ರಿ?”

ವೈನಿ ಹೇಳಿದ ವಾಳಾ ನಾವು ಬಾಳದ ಬೇರು ಎನ್ನುವ, ಅಂಗಡಿಯವರು ಲಾವಂಚ ಎನ್ನುವ ಬೇರು. ಮರಾಠಿಯಲ್ಲಿ ಬೇರಿಗೂ ಕೂಸಿನ ಕಡಗಕ್ಕೂ ಒಂದೇ ಹೆಸರು. ಗಿರಿಜಾ ಈ ಸುದ್ದಿಯನ್ನು ತಕ್ಷಣ ಖಾನಾಪುರಕ್ಕೆ ಮುಟ್ಟಿಸಿದಳು. ವೈನಿ ಫೋನಿನಲ್ಲೇ ಕೆಮ್ಮು ಬರುವಷ್ಟು ನಕ್ಕು, “ಖರೇ ವಾಳಾ ನೋಡಾಕರ ಬರ್ರಿ” ಎಂದು ಕರೆದಳು. ಒಂದು ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿದೆವು.

ದೇಸೂರು ಸ್ಟೇಷನ್ ಬಂದಾಗ ಬಾಟಲಿ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಕಿಟಕಿಯಿಂದ ಕಣ್ಣು ತೆಗೆಯದೆಯೇ ಅದನ್ನು ಹಿಂದಕ್ಕೆ ತಳ್ಳಿದಳು. ಯೋಚಿಸಿ ಮಾಡಿದ್ದಲ್ಲ, ನೊಣ ಓಡಿಸುವ ಹಾಗೆ ಕೈ ತಾನಾಗಿಯೇ ಹೋಗಿತ್ತು.

“ಯಾಕ?” ಎಂದೆ.

“ಈ ಗಾಡ್ಯಾಗ ನಾ ಎಂದೂ ನೀರು ಕುಡದಾಕಿ ಅಲ್ಲ.”

ಆಮೇಲೆ ಅವಳೇ ಹೇಳಿದಳು, ದೂರುವ ದನಿಯಲ್ಲೇನಲ್ಲ. “ದಿನಾ ಈ ಗಾಡಿ ಇಳದು ಟೆಂಪೋ, ಟೆಂಪೋ ಇಳದು ನಡಿಗಿ. ಸಾಲ್ಯಾಗ ಹೆಣ್ಣಮಕ್ಕಳ ಪಾಯಖಾನಿಗೆ ಬಾಗಲಾ ಇರಲಿಲ್ಲ. ಮುಂದ ಬಾಗಲಾ ಬಂತು, ಚಿಲಕಾ ಬರಲಿಲ್ಲ. ಕುಡದು ಎಲ್ಲಿಗೆ ಹೋಗೂದ್ರೀ? ಮಕ್ಕಳಿಗೆ ಮಗ್ಗಿ ಕಲಿಸಿಧಂಗ ಹೊಟ್ಟಿಗೂ ಕಲಿಸಿದೆ, ಸಂಜೀ ತನಕ ಕೇಳಬ್ಯಾಡ ಅಂತ. ಸಾಲಿ ಬಿಟ್ಟೇನಿ ಖರೇ, ಬಾಯಿಗೆ ಇನ್ನಾ ಗೊತ್ತಾಗಿಲ್ಲ.”

ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂದು ಹೊಸ ಹುಡುಗರಿಗೆ ಪಾಠ ಹೇಳುತ್ತಿದ್ದವನು ನಾನು. ಇಷ್ಟು ದಿನ ನನ್ನ ಗಮನವೆಲ್ಲ ನೀರಿನ ‘ಏನು’ ಎಂಬುದರ ಮೇಲಿತ್ತು. ತೊಡಕು ಇದ್ದದ್ದು ‘ಎಲ್ಲಿ’ಯಲ್ಲಿ.

ವೈನಿಯ ಗಡಿಗೆಯಲ್ಲಿ ಖರೇ ವಾಳಾ ಇತ್ತು, ದಾರದಲ್ಲಿ ಕಟ್ಟಿದ ಬೇರಿನ ಒಂದು ಪುಟ್ಟ ಜುಟ್ಟು. ಆ ನೀರಿನಲ್ಲಿ ಮೊದಲ ಮಳೆಗೆ ನೆಲ ಕೊಡುವ ವಾಸನೆಯಿತ್ತು. ಗಿರಿಜಾ ಒಂದು ಲೋಟ ಪೂರ್ತಿ ಕುಡಿದಳು. ಇನ್ನೊಂದಕ್ಕೆ ವೈನಿ ತಂಬಿಗೆ ಬಗ್ಗಿಸಿದಾಗ ಲೋಟದ ಮೇಲೆ ಅಂಗೈ ಮುಚ್ಚಿದಳು. “ಬ್ಯಾಡ ವೈನಿ, ಗಾಡಿ ಹಿಡೀಬೇಕಲ್ಲ.”

ಗಾಡಿಯ ವೇಳೆ ವಿಚಾರಿಸಿ ಬರುತ್ತೇನೆಂದು ಹೇಳಿ ನಾನೊಬ್ಬನೇ ಖಾನಾಪುರ ಸ್ಟೇಷನ್ನಿಗೆ ಹೋದೆ. ಹೆಂಗಸರ ಶೌಚಾಲಯದ ಕಡೆಯಿಂದ ತರಕಾರಿ ಬುಟ್ಟಿಯ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಮಂತ್ರಿಗಳಿಗೆ ಪ್ರಶ್ನೆ ಕೇಳುವಾಗಲೂ ನಾನು ಅಷ್ಟು ಹಿಂಜರಿದವನಲ್ಲ.

“ಯವ್ವಾ, ಒಳಗ ಬಾಗಲಕ್ಕ ಚಿಲಕಾ ಐತೇನು?”

ಅವಳು ನನ್ನನ್ನು ಚಪ್ಪಲಿಯಿಂದ ಬಿಳಿಕೂದಲಿನವರೆಗೆ ನೋಡಿದಳು. “ನಿಮಗ್ಯಾಕ ಬೇಕ್ರಿ ಅದು?”

“ನಮ್ಮ ಮನಿಯವರು ನೀರು ಕುಡೀಬೇಕಾಗೇತಿ.”

ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲವೆಂದು ಯಾವ ಗಂಡಸಾದರೂ ಹೇಳುತ್ತಿದ್ದ. ಅವಳ ಮುಖ ಮಾತ್ರ ಸಡಿಲಾಯಿತು. “ಐತ್ರಿ. ಗಟ್ಟಿ ಐತಿ. ನಳದಾಗ ನೀರೂ ಬರತಾವ. ಕುಡಿ ಅಂತ ಹೇಳ್ರಿ ಅವ್ವಾರಿಗೆ.”

ವೈನಿಯ ಮನೆಗೆ ಮರಳಿ ಗಿರಿಜಾಳ ಮುಂದೆ ವರದಿ ಒಪ್ಪಿಸಿದೆ: “ಖಾನಾಪುರ. ಚಿಲಕಾ ಐತಿ, ಗಟ್ಟಿ ಐತಿ, ನೀರೂ ಐತಿ ಅಂತ ಪ್ರತ್ಯಕ್ಷದರ್ಶಿ ಹೇಳ್ಯಾಳ.” ಯಾವಾಕಿ ಪ್ರತ್ಯಕ್ಷದರ್ಶಿ, ಅವಳನ್ನು ಹೇಗೆ ಕೇಳಿದಿರಿ ಎಂದೆಲ್ಲ ವಿಚಾರಣೆ ನಡೆಯಿತು. ವೈನಿಗೆ ಮತ್ತೆ ಕೆಮ್ಮು ಬಂತು. ಗಿರಿಜಾ ನಗಲಿಲ್ಲ. ಖಾಲಿ ಲೋಟವನ್ನು ವೈನಿಯ ಮುಂದೆ ಹಿಡಿದಳು.

ವಾಪಸ್ ಬರುವಾಗ ವೈನಿ ನಮ್ಮ ಬಾಟಲಿಗೂ ನಾಲ್ಕು ಎಳೆ ಬೇರು ಹಾಕಿಕೊಟ್ಟಿದ್ದಳು. ದೇಸೂರು ದಾಟುವಾಗ ಗಿರಿಜಾ ತಾನಾಗಿಯೇ ಬಾಟಲಿ ಎತ್ತಿದಳು. ಕುಡಿದಳು, ಮತ್ತೆ ಕುಡಿದಳು, ತುಟಿ ಒರೆಸಿಕೊಂಡು, “ಮಣ್ಣಿನ ವಾಸನಿ ಒಂದೀಟು ಹೆಚ್ಚಾತ್ರೀ. ನಿಮ್ಮ ಕೋಕಮ್ಮೇ ಬರೋಬರಿ ಇತ್ತು” ಎಂದಳು. ಅದುವರೆಗೆ ‘ಚಲೋ ಐತಿ’ ಬಿಟ್ಟು ಬೇರೇನೂ ಕೇಳಿರದ ನಾನು ಆ ವಾಕ್ಯದ ಒಂದಕ್ಷರವನ್ನೂ ತಿದ್ದಲು ಹೋಗಲಿಲ್ಲ.

ಈಗ ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಗಿದೆ. ಗಡಿಗೆಗೆ ಇಂದು ಜೀರಿಗೆಯೋ ಬೇರೋ ಎಂಬುದನ್ನು ಅವಳು ನಿರ್ಧರಿಸುತ್ತಾಳೆ. ಮದುವೆಗೋ ಸಂತೆಗೋ ಹೊರಡುವಾಗ ಅಲ್ಲಿನ ‘ಎಲ್ಲಿ’ಯನ್ನು ಮುಂಚಿತವಾಗಿ ವಿಚಾರಿಸಿ ವರದಿ ಮಾಡುವುದು ನಾನು. ಕಲ್ಯಾಣಮಂಟಪಗಳ ಮ್ಯಾನೇಜರುಗಳಿಗೆ ನನ್ನ ದನಿ ಪರಿಚಯವಾಗಿದೆ.

ಮೊನ್ನೆ ಡಾಕ್ಟರು ಹೊಸ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದರು. ಹರಳು ಬೆಳೆದಿರಲಿಲ್ಲ, ತುಸು ಕೆಳಗೆ ಸರಿದಿತ್ತು. ಹೀಗೇ ಕುಡಿದರೆ ತಾನಾಗಿ ಹೋದೀತು, ಟೇಬಲ್ ಸದ್ಯಕ್ಕೆ ಬೇಡ ಎಂದರು. ಆಮೇಲೆ ಬೇರೆ ರೋಗಿಗಳಿಗೂ ಹೇಳಬಹುದೆಂದು ಪೆನ್ನು ಹಿಡಿದು ಕೇಳಿದರು: “ಟೀಚರ್, ನೀರಿಗೆ ಏನು ಹಾಕ್ತೀರಿ?”

“ಚಿಲಕಾ” ಎಂದಳು ಗಿರಿಜಾ.

ಡಾಕ್ಟರು ಬರೆದುಕೊಂಡರು. “ಇದು ಎಲ್ಲಿ ಸಿಗತೈತ್ರಿ?”

“ಖಾನಾಪುರ ಸ್ಟೇಶನ್‌ದಾಗ ಸಿಕ್ತು ನೋಡ್ರಿ. ಎಲ್ಲಾ ಕಡೆ ಸಿಗೂವಂಗ ಆಗಬೇಕು.”