ಪಂಪಿಗೆ ಬೇಕಾದ ಸಹಿ

ನನಗೆ ಕ್ಷಮಿಸುವ ಗುಣವಿಲ್ಲ. ಇದ್ದವರಿಗೆ ದೂರದಿಂದಲೇ ನಮಸ್ಕಾರ.

ಎಪ್ಪತ್ತರ ದಶಕದ ಮೊದಲಲ್ಲಿ ನಾವು ಚೆಂಬೂರಿನ ಒಂದು ಚಾಳಿನಲ್ಲಿದ್ದೆವು. ಒಂದೇ ಕೋಣೆ, ಅಲ್ಲಿಯವರು ಖೋಲಿ ಎನ್ನುತ್ತಾರೆ; ಅದರಲ್ಲಿ ಗಂಡ, ನಾನು, ಪಾರ್ಶ್ವವಾಯು ಬಡಿದ ಮಾವ. ಇಡೀ ಚಾಳಿನಲ್ಲಿ ಹಿಂಬಾಗಿಲು ಇದ್ದದ್ದು ನಮ್ಮ ಖೋಲಿಗೆ ಮಾತ್ರ; ತೆರೆದರೆ ಎತ್ತರದ ದಂಡೆ, ಅದರಾಚೆ ಕೊಳಚೆ ಹರಿಯುವ ನಾಲಾ. ಎದುರಿನ ದೊಡ್ಡ ಮನೆ ಚಾಳಿನ ಮಾಲೀಕನದು. ನಮ್ಮ ಉಡುಪಿ ಕಡೆಯವನೇ. ಧಣಿಗಳೇ ಎಂದು ಕರೆಯುತ್ತಿದ್ದೆವು.

ಒಂದು ಮಳೆಗಾಲ ಚಾಳಿನೊಳಗೆ ಮಂಚ ಮುಳುಗುವಷ್ಟು ನೀರು ನಿಂತಿತು. ಮಂಚದ ಮೇಲೆ ಬೆಂಚು ಹಾಕಿ ಮಾವನನ್ನು ಕೂರಿಸಿದೆವು. ಮುನ್ಸಿಪಾಲಿಟಿಯ ಪಂಪು ಬಂತು, ಆದರೆ ಗೇಟಿನ ಹೊರಗೇ ನಿಂತಿತು.

"ಪ್ರೈವೇಟ್ ಪ್ರಾಪರ್ಟಿ ಹೈ. ಮಾಲಿಕ್ ಕಾ ಸಹಿ ಲಾವ್," ಎಂದ ಇಂಜಿನಿಯರು.

ನಾನು ಒದ್ದೆ ಸೀರೆಯಲ್ಲೇ ಓಡಿದೆ. ಧಣಿ ಚಾ ಕುಡಿಯುತ್ತಿದ್ದ.

"ಅವರನ್ನು ಒಮ್ಮೆ ಒಳಗೆ ಬಿಟ್ರೆ ನಾಳೆ ನೂರು ತಕರಾರು ತೆಗೀತಾರೆ ತಂಗಿ. ನಿಮ್ಗೆ ಕಷ್ಟ ಆದ್ರೆ ಬೇರೆ ಕಡೆ ಖೋಲಿ ನೋಡಿ."

ಚಾಳು ಖಾಲಿಯಾದರೆ ಅಲ್ಲಿ ಬಿಲ್ಡಿಂಗ್ ಎಬ್ಬಿಸುವ ಆಸೆ ಅವನಿಗಿತ್ತು. ಪಂಪು ವಾಪಸ್ ಹೋಯಿತು. ಮಾವ ಎರಡು ದಿನ ಬೆಂಚಿನ ಮೇಲೆ ನಡುಗಿದರು. ಶೀತ ಎದೆಗಿಳಿದು ಒಂಬತ್ತನೆಯ ದಿನ ತೀರಿಕೊಂಡರು. ಧಣಿ ಸಾವಿನ ಮನೆಗೆ ಬಂದು ಕೈಮುಗಿದ. ಆ ಕೈ ಮುರಿಯಬೇಕೆನಿಸಿತು.

ಮುಂದಿನ ಬೇಸಿಗೆಯಲ್ಲಿ ಅವನು ಊರಿಗೆ ಹೋಗಿದ್ದಾಗ, ಚಾಳಿನಲ್ಲಿದ್ದ ಗುಲ್ಬರ್ಗಾ ಕಡೆಯ ಗೌಂಡಿಗಳು ಎಲ್ಲ ಖೋಲಿಗಳ ನೆಲ ಎರಡಡಿ ಏರಿಸಿಬಿಟ್ಟರು. ಅತ್ತ ರಸ್ತೆಗೂ ಡಾಂಬರು ಬಿದ್ದು ಎತ್ತರವಾಯಿತು. ಎರಡರ ನಡುವೆ ಧಣಿಯ ಮನೆ ತಗ್ಗಾಯಿತು.

ಆ ಮಳೆಗೆ ನೀರು ಅವನ ಮನೆ ಹೊಕ್ಕಿತು. ಅದೇ ಪಂಪು, ಅದೇ ಇಂಜಿನಿಯರು. ನೀರನ್ನು ನಾಲಾಕ್ಕೆ ಬಿಡಬೇಕಾದರೆ ಪೈಪು ನಮ್ಮ ಖೋಲಿಯೊಳಗಿಂದ ಹೋಗಬೇಕು, ಬೇರೆ ದಾರಿಯಿಲ್ಲ. ಖೋಲಿಯಲ್ಲಿ ಇರುವವರ ಒಪ್ಪಿಗೆ ಬೇಕೆಂದು ಇಂಜಿನಿಯರು ಹಟ ಹಿಡಿದ. ಆ ಮನುಷ್ಯನ ಮೇಲೆ ನನಗೆ ಮೊದಲ ಸಲ ಪ್ರೀತಿ ಹುಟ್ಟಿತು.

ಗಂಡ ಕೆಲಸಕ್ಕೆ ಹೋಗಿದ್ದರು. ನಾನು ಕಿಟಕಿಯಲ್ಲಿ ನಿಂತೆ.

"ಬಾಗಿಲು ತೆಗಿ ತಂಗಿ. ಸೋಫಾ, ಕಪಾಟು ಎಲ್ಲ ಹಾಳಾಗ್ತಾ ಉಂಟು," ಎಂದ ಧಣಿ.

"ಇನ್ನು ಎಲ್ಲ ಮಳೆಗಾಲಕ್ಕೂ ಪಂಪು ಚಾಳಿನೊಳಗೆ ಬರ್ಬಹುದು ಅಂತ ಬರ್ದು ಸಹಿ ಹಾಕಿ ಕೊಡಿ. ಮತ್ತೆ ನೋಡುವ."

ಅವನು ಇಂಜಿನಿಯರನ ಮುಖ ನೋಡಿದ. ಇಂಜಿನಿಯರು ಆಕಾಶ ನೋಡಿದ. ಕೊನೆಗೆ ಧಣಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಪಂಪಿನ ಆಳಿನ ಬೆನ್ನ ಮೇಲೆ ಕಾಗದವಿಟ್ಟು ಬರೆದ. ಕಿಟಕಿಯಿಂದ ಕೈ ಚಾಚಿ ತೆಗೆದುಕೊಂಡೆ, ಎರಡು ಸಲ ಓದಿದೆ, ಮಡಚಿ ಅಕ್ಕಿ ಡಬ್ಬಿಯಲ್ಲಿಟ್ಟೆ.

ಆಗಲೇ ಬಾಗಿಲು ತೆಗೆಯಬಹುದಿತ್ತು. ನಾನು ಸ್ಟವ್ ಹಚ್ಚಿ ಅನ್ನಕ್ಕಿಟ್ಟೆ. ಅನ್ನ ಬಸಿದು, ಮೊದಲು ಮಾವನ ಹೆಸರಿನಲ್ಲಿ ಒಂದು ಎಲೆ ಬಡಿಸಿ, ಆಮೇಲೆ ನಾನು ಉಂಡು, ಪಾತ್ರೆ ತೊಳೆದು, ಕೈ ಒರೆಸಿಕೊಂಡು ಬಾಗಿಲು ತೆಗೆದೆ.