ಬಳೆಚೂರಿನ ಓಟು

ಮೊನ್ನೆ ಮತದಾರರ ಚೀಟಿ ಹಂಚಲು ಬಂದವರು ಗುರುತಿನ ಕಾರ್ಡು ತೋರಿಸಿ ಎಂದರು. ಎಲ್ಲಿಟ್ಟಿದ್ದೆನೋ, ಹಾಳಾದ ನೆನಪು! ಹುಡುಕುತ್ತ ಹುಡುಕುತ್ತ ಟ್ರಂಕಿನ ತಳದಲ್ಲಿದ್ದ ಅವ್ವನ ತಗಡಿನ ಡಬ್ಬಿ ತೆಗೆದೆ. ಮುಚ್ಚಳ ಎತ್ತಿದೊಡನೆ ಕರ್ಪೂರದ್ದೂ ಹಳೆ ಅರಿವೆಯದ್ದೂ ವಾಸನೆ ಮೂಗಿಗೆ ಬಡಿಯಿತು. ಕಾರ್ಡು ಅಲ್ಲಿರಲಿಲ್ಲ. ಬಿಳಿ ಅರಿವೆಯ ಸಣ್ಣ ಗಂಟೊಂದಿತ್ತು. ಬಿಚ್ಚಿದರೆ ಒಳಗೆ ಹಸಿರು ಬಳೆಯ ಒಂದು ಚೂರು. ಉಗುರಿನಷ್ಟು ಉದ್ದ, ಮೇಲೆ ಎರಡು ಹಳದಿ ಚುಕ್ಕಿ. ಬಾಗಿಲಲ್ಲಿ ಅವರು ಕಾಯುತ್ತಿದ್ದರು, ನಾನು ಒಳಗೆ ಚೂರು ಹಿಡಿದು ನಿಂತೇ ಇದ್ದೆ...

ಈ ಚೂರು ಒಮ್ಮೆ ಓಟು ಹಾಕಿ ಬಂದದ್ದು. ಹಾಕಿಸಿದವಳು ನಮ್ಮೂರ ಬಳೆಗಾರ್ತಿ. ಊರಿಗೆಲ್ಲ ಆಕೆ ಚಿಗವ್ವ.

ನನ್ನ ತವರು ಇಂಗಳೇಶ್ವರದಿಂದ ದೇವರ ಹಿಪ್ಪರಗಿಯ ಕಡೆ ಹೋಗುವಾಗ ಒಳಗೆ ಸರಿದ ಊರು. ಬಸ್ಸು ಡಾಂಬರು ರಸ್ತೆಯಲ್ಲೇ ಇಳಿಸಿ ಹೋಗುತ್ತಿತ್ತು, ಅಲ್ಲಿಂದ ನಡಿಗೆ. ಚಿಗವ್ವ ಬಳೆಗಳ ಸರವನ್ನು, ಅಂದರೆ ಮಲಾರವನ್ನು, ಹೆಗಲಿಗೆ ಹಾಕಿಕೊಂಡು ಓಣಿ ಓಣಿ ಸುತ್ತುತ್ತಿದ್ದಳು. ಎತ್ತರದ ಆಳು, ಬಾಯಿ ಬೊಂಬಾಯಿ. ಆಕೆ ಬಂದದ್ದು ಮೊದಲು ಕಿವಿಗೆ ಗೊತ್ತಾಗುತ್ತಿತ್ತು, ಆಮೇಲೆ ಕಣ್ಣಿಗೆ. ಊರಿನ ಪ್ರತಿಯೊಬ್ಬ ಹೆಂಗಸಿನ ಕೈಯ ಅಳತೆ ಆಕೆಗೆ ಬಾಯಿಪಾಠ. ಯಾರ ಕೈ ಸೊರಗಿದೆ, ಯಾರ ಮೊಣಕೈಯಲ್ಲಿ ಬಾಸುಂಡೆ ಎದ್ದಿದೆ ಎಂಬುದೂ ಗೊತ್ತಿತ್ತು, ಆದರೆ ಒಂದು ಮನೆಯ ಮಾತು ಇನ್ನೊಂದು ಮನೆಗೆ ಒಯ್ದವಳಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಇಂಡಿ ಪಟ್ಟಣದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದೆ. ಏಳು ತಿಂಗಳು. ಅಪ್ಪ ತೀರಿ ಎಂಟು ವರ್ಷವಾಗಿತ್ತು, ಮನೆಯಲ್ಲಿ ಅವ್ವ ಒಬ್ಬಳೇ. ಆಗಲೇ ತಾಲ್ಲೂಕು ಬೋರ್ಡಿನ ಚುನಾವಣೆ ಬಂತು. ನಮ್ಮ ಸುತ್ತಿನ ಹಳ್ಳಿಗಳಿಗೆ ಪಕ್ಷದ ಟಿಕೀಟು ಒಂದೇ, ಜಗ್ಗಾಡುವವರು ಇಬ್ಬರು. ಒಬ್ಬರು ನಮ್ಮೂರ ಧಣಿ, ಇನ್ನೊಬ್ಬರು ಪಕ್ಕದ ಊರಿನ ಕಂಪೌಂಡರು. ಧಣಿ ಗೆದ್ದರೆ ಗರಡಿಮನೆ ಕಟ್ಟಿಸುತ್ತೇನೆ ಎಂದಿದ್ದರು. ಕಂಪೌಂಡರು ಹೆರಿಗೆ ದವಾಖಾನೆ ತರುತ್ತೇನೆ ಎಂದಿದ್ದರು. ಜಿಲ್ಲೆಯ ಮುಖಂಡರು ಒಂದು ಮಾತು ಕಳಿಸಿದ್ದರು: ಜನ ಯಾರನ್ನು ಕೇಳುತ್ತಾರೋ ಟಿಕೀಟು ಅವರಿಗೆ, ಸಂತೆಯ ಮರುದಿನ ನಾವೇ ಬಂದು ಕೇಳುತ್ತೇವೆ.

ಜನರನ್ನು ಕೇಳುವುದು ಹೇಗೆ? ಅದಕ್ಕೆ ಚಾದಂಗಡಿಯವನು ಉಪಾಯ ಮಾಡಿದ. ಅಂಗಡಿಯ ಮುಂದೆ ಒಂದು ಗಡಿಗೆ ಇಟ್ಟ. ಧಣಿ ಬೇಕೆನ್ನುವವರು ಅದರಲ್ಲಿ ಒಂದು ಜೋಳದ ಕಾಳು ಹಾಕಬೇಕು, ಕಂಪೌಂಡರು ಬೇಕೆನ್ನುವವರು ಒಂದು ತೊಗರಿ ಕಾಳು. ಒಬ್ಬರಿಗೆ ಒಂದೇ ಕಾಳು. ಊರ ಗಂಡಸರು ಚಾ ಕುಡಿದು, ಬೀಡಿ ಸೇದಿ, ಕಾಳು ಹಾಕಿ ಹೋಗತೊಡಗಿದರು. ಗಡಿಗೆ ತುಂಬ ಜೋಳವೇ ಎಂದು ಎರಡನೇ ದಿನಕ್ಕೇ ಸುದ್ದಿಯಾಯಿತು.

ಚಿಗವ್ವನಿಗೆ ಮೈ ಉರಿದುಹೋಯಿತು. ಕಾರಣ ಊರಿಗೇ ಗೊತ್ತಿತ್ತು. ಆಕೆಯ ಹಿರಿಮಗಳು ಚೊಚ್ಚಲ ಹೆರಿಗೆಗೆ ಬಾಗೇವಾಡಿಗೆ ಹೋಗುವಾಗ ದಾರಿಯಲ್ಲಿ, ಎತ್ತಿನ ಗಾಡಿಯಲ್ಲೇ ತೀರಿಕೊಂಡಿದ್ದಳು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಚಿಗವ್ವನೇ. ಚಾದಂಗಡಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು ಕೇಳಿದಳಂತೆ:

"ಚಾ ಕುಡಿಯೂ ಮಂದೀನ ಕೇಳಿದಿ. ರೊಟ್ಟಿ ಬಡಿಯೂ ಮಂದೀನ ಯಾರು ಕೇಳ್ತಾರೋ?"

"ಹೆಣಮಕ್ಕಳು ಮನಿಯವರು ಹೇಳಿದ್ದಕ್ಕ ಹಾಕ್ತಾರ, ತಗೋ," ಎಂದು ಅವನು ನಕ್ಕನಂತೆ.

ಅವತ್ತಿನಿಂದ ಆಕೆಯ ಮಲಾರದ ಜೊತೆ ಎರಡು ಎಲೆಯಡಿಕೆ ಸಂಚಿಗಳು ಬಂದವು. ಧಣಿಗೆ ಕರಿ ಸಂಚಿ, ಕಂಪೌಂಡರಿಗೆ ಕೆಂಪು ಸಂಚಿ. ನನಗೆ ಹಸಿರು ಬಳೆ ಇಡಿಸಲು ಅವ್ವ ಹೇಳಿಕಳಿಸಿದ್ದಳು, ಬಸುರಿಗೆ ಕುಬಸದ, ಅಂದರೆ ಸೀಮಂತದ, ಬಳೆ. ಚಿಗವ್ವ ಪಡಸಾಲೆಯಲ್ಲಿ ಕೂತು ನನ್ನ ಹಳೆಯ ಬಳೆಗಳನ್ನು ತೆಗೆದಳು. ಕೈ ಊದಿಕೊಂಡಿದ್ದರಿಂದ ಒಂದೆರಡನ್ನು ಒಡೆದೇ ತೆಗೆಯಬೇಕಾಯಿತು. ಹೊಸದನ್ನು ಏರಿಸಿ, ದೃಷ್ಟಿಯಾಗದಿರಲಿ ಎಂದು ಕೊಸರಿಗೆ ಒಂದು ಬಳೆ ಹೆಚ್ಚಿಗೆ ಹಾಕಿ, ಆ ಚೂರುಗಳಲ್ಲಿ ಒಂದನ್ನು ನನ್ನ ಅಂಗೈಯಲ್ಲಿಟ್ಟಳು. ಸಂಚಿಗಳ ಮೇಲೆ ತನ್ನ ಸೆರಗು ಮುಚ್ಚಿದಳು.

"ಯಾವುದರಾಗ ಬೇಕು ಅದರಾಗ ಹಾಕು, ಯವ್ವಾ. ನಾ ಗ್ವಾಡಿ ಕಡಿ ನೋಡ್ತೇನಿ. ನೀ ಹೇಳಬ್ಯಾಡ, ನಾ ಕೇಳಂಗಿಲ್ಲ."

ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು, ನಾನು ಸೆರಗಿನ ಕೆಳಗೆ ಕೈಯಾಡಿಸಿ ಹಾಕಿದೆ. ಯಾವುದಕ್ಕೆ ಎಂದು ಇವತ್ತೂ ಹೇಳುವುದಿಲ್ಲ, ಆದರೆ ಏಳು ತಿಂಗಳ ಬಸುರಿ ಗರಡಿಮನೆಯನ್ನೇನು ಕೇಳಿಯಾಳು! ಚಿಗವ್ವ ಮಲಾರ ಕಟ್ಟಿ ಏಳಬೇಕು, ಅಷ್ಟರಲ್ಲಿ ಅಡುಗೆಮನೆಯ ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು. ಗಂಡ ಸತ್ತವಳು ಬಳೆ ಇಡುವಲ್ಲಿ ಎದುರು ಬರಬಾರದೆಂದು ಅವ್ವ ಒಳಗೇ ಇದ್ದಳು.

"ನನ್ನ ಯಾಕ ಕೇಳಲಿಲ್ಲ? ಬಳಿ ಹೋದ ಮ್ಯಾಲ ಬಾಯೂ ಹೋಗ್ತೈತೇನು?"

ಅವ್ವ ಜೋರಾಗಿ ಮಾತಾಡಿದ್ದನ್ನು ನಾನು ಆ ಎಂಟು ವರ್ಷದಲ್ಲಿ ಕೇಳಿರಲಿಲ್ಲ. ಚಿಗವ್ವ ಎದ್ದವಳು ಹಾಗೇ ಕುಸಿದು ಕೂತಳು. ಮೂರು ಓಣಿ ಮುಗಿಸಿ ಬಂದಿದ್ದಳು, ಒಬ್ಬ ವಿಧವೆಯನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಬಳೆಗಾರ್ತಿ ಹೋಗುವುದು ಬಳೆಯಿರುವ ಕೈಗಳ ಹತ್ತಿರ, ಅಷ್ಟೇ.

ಕಡೆಗೆ ಹಣೆ ಚಚ್ಚಿಕೊಂಡು, "ತಪ್ಪಾತಬೇ ಅಕ್ಕಾ," ಎಂದಳು. "ಚಾದಂಗಡಿಯವನಿಗೆ ಬಾಯಿಗೆ ಬಂದಂಗ ಬೈದು ಬಂದೆ. ನಾನೂ ಅವನು ಮಾಡಿದ್ದನ್ನ ಮಾಡೇನಿ."

ಅವ್ವ ಹೊರಗೆ ಬಂದಳು. ದೇವರ ಜಗುಲಿಯ ಗೂಡಿನಿಂದ ಒಂದು ಬಿಳಿ ಗಂಟು ತಂದಳು. ಅಪ್ಪ ತೀರಿದ ದಿನ ಕೈಯಿಂದ ಒಡೆದು ಹಾಕಿದ ಬಳೆಗಳಲ್ಲಿ ಒಂದು ಚೂರನ್ನು ಯಾರಿಗೂ ಕಾಣದಂತೆ ಎತ್ತಿಟ್ಟುಕೊಂಡಿದ್ದಳಂತೆ. ನನಗೂ ಗೊತ್ತಿರಲಿಲ್ಲ. ಚಿಗವ್ವ ಸೆರಗು ಮುಚ್ಚುವಷ್ಟೂ ಕಾಯದೆ ಅವ್ವ ಅದನ್ನು ಕೆಂಪು ಸಂಚಿಗೆ ಹಾಕಿದಳು. ಆಮೇಲೆ ಮೂವರೂ ಅತ್ತೆವು, ಯಾಕೆ ಸುಳ್ಳು ಹೇಳಲಿ.

ಮರುದಿನದಿಂದ ಚಿಗವ್ವ ಮತ್ತೆ ಮೊದಲ ಓಣಿಯಿಂದ ಶುರು ಮಾಡಿದಳು. ಈ ಸಲ ವಿಧವೆಯರ ಮನೆಗಳಿಗೆ. ಅವರ ಹತ್ತಿರ ಚೂರು ಎಲ್ಲಿಂದ ಬರಬೇಕು? ತನ್ನ ಮಲಾರದಲ್ಲಿ ಒಡೆದ ಬಳೆಯಿಂದ ಒಂದೊಂದು ಚೂರು ತೆಗೆದು ಅವರ ಅಂಗೈಯಲ್ಲಿಡುತ್ತಿದ್ದಳು. ಒಬ್ಬ ಮುದುಕಿ ಆ ಗಾಜನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದಳಂತೆ, ಆಮೇಲೆ, "ಬಣ್ಣ ಚಂದ ಐತಿ," ಎಂದು ಹೇಳಿ ಸಂಚಿಗೆ ಹಾಕಿದಳಂತೆ.

ಇದು ಗುಟ್ಟಾಗಿ ಉಳಿಯುತ್ತದೆಯೇ? ಮೇಲಿನ ಓಣಿಯ ಮನೆಗಳು ಬಾಗಿಲು ಹಾಕಿಕೊಂಡವು. ವಿಧವೆಯರ ಹೊಸ್ತಿಲು ಮುಟ್ಟಿ ಬಂದ ಮಲಾರ ನಮ್ಮ ಮುತ್ತೈದೆಯರಿಗೆ ಬೇಡ ಎಂದರು. ಮದುವೆಯ ಬಳೆಗೆ ಹಿಪ್ಪರಗಿ ಸಂತೆಯ ಬಳೆಗಾರರಿಗೆ ಹೇಳಿಕಳಿಸಿದರು. ಚಿಗವ್ವನ ಗಂಡ ಹಾಸಿಗೆ ಹಿಡಿದವನು, ಮನೆಯ ಒಲೆ ಉರಿಯುತ್ತಿದ್ದದ್ದು ಆ ಮಲಾರದಿಂದಲೇ. ಅವ್ವ ಹೆದರಿ, ಸಾಕು ಬಿಡು ತಂಗಿ ಎಂದಳು.

"ಗಾಡ್ಯಾಗ ಕುಂತಾಕಿ ನಾನು ಅಕ್ಕಾ, ಅವರಲ್ಲ," ಎಂದಳು ಚಿಗವ್ವ. "ಇನ್ನೊಂದು ಓಣಿ ಉಳದೈತಿ. ಮುಗಸೇ ಬಿಡ್ತೇನಿ."

ಮುಗಿಸಿದಳು.

ಮುಖಂಡರು ಬಂದ ದಿನ ಹೆಂಗಸರೆಲ್ಲ ಚಾವಡಿಯ ಎದುರಿನ ಮಾಳಿಗೆ ಹತ್ತಿ ಕೂತೆವು. ನನ್ನನ್ನು ಇಬ್ಬರು ಹಿಡಿದು ಹತ್ತಿಸಿದರು. ಕೆಳಗೆ ಗಡಿಗೆ ಸುರಿದರು. ಎರಡು ಜೋಳಕ್ಕೆ ಒಂದು ತೊಗರಿಯ ಲೆಕ್ಕ. ಧಣಿಯ ಕಡೆಯವರು ಮೀಸೆ ತಿರುವುವಷ್ಟರಲ್ಲಿ ಚಿಗವ್ವ ಚಾವಡಿಯ ಕಟ್ಟೆ ಹತ್ತಿದಳು. ಹೆಂಗಸರು ಹತ್ತುವ ಕಟ್ಟೆಯಲ್ಲ ಅದು. ಎರಡೂ ಸಂಚಿ ಜಮಖಾನೆಯ ಮೇಲಿಟ್ಟು, "ಇದನ್ನೂ ಎಣಸ್ರಿ. ಇವು ಹೆಣಮಕ್ಕಳ ಓಟು," ಎಂದಳು.

ಮುಖಂಡರಲ್ಲಿ ಹಿರಿಯರೊಬ್ಬರು ನಗುತ್ತಲೇ ಸುರಿಸಿದರು. ಎಣಿಸುತ್ತ ಎಣಿಸುತ್ತ ಅವರ ನಗೆ ಕಡಿಮೆಯಾಯಿತು. ಗಂಡನಿದ್ದವರ ಚೂರುಗಳು ಎರಡೂ ಕಡೆ ಹಂಚಿಹೋಗಿದ್ದವೇನೋ, ಗೊತ್ತಿಲ್ಲ. ಆದರೆ ವಿಧವೆಯರಿಗೆ ಇಂಥವರಿಗೇ ಹಾಕು ಎಂದು ಹೇಳುವವರು ಯಾರಿದ್ದರು? ಕೆಂಪು ಸಂಚಿಯ ಗುಂಪು ಕರಿ ಸಂಚಿಯದರ ಎರಡರಷ್ಟಾಗಿತ್ತು. ಜೋಳ ತೊಗರಿಯ ಜೊತೆ ಸೇರಿಸಿ ಎಣಿಸಿದರೆ ಧಣಿ ಕಂಪೌಂಡರು ಸಮಾಸಮ.

ಧಣಿಯ ತಮ್ಮ ಎದ್ದು ನಿಂತ. "ಮುಂಡೇರ ಚೂರೂ ಅದಾವ ಇದರಾಗ! ಅವನ್ನ ತಗದು ಎಣಸ್ರಿ."

ಮಾಳಿಗೆಯ ಮೇಲೆ ಅವ್ವ ನನ್ನ ಕೈ ಹಿಡಿದಿದ್ದಳು. ಎಷ್ಟು ಗಟ್ಟಿಯಾಗಿ ಎಂದರೆ ನನ್ನ ಹೊಸ ಬಳೆಯೊಂದು ಚಟ್ಟೆಂದಿತು.

ಚಿಗವ್ವ ದನಿ ಏರಿಸಲಿಲ್ಲ. "ಸರಕಾರದ ಯಾದಿಯೊಳಗ ಅವರ ಹೆಸರು ಅದಾವ್ರಿ. ಬ್ಯಾಡಂದ್ರ ಮೊದಲು ಅಲ್ಲಿ ಹೋಗಿ ಅಳಿಸಿ ಬರ್ರಿ. ಆಮ್ಯಾಲ ನಾ ತಗೀತೇನಿ."

ಮುಖಂಡರು ನೋಡೋಣ ಎಂದು ಹೇಳಿ ಜೀಪು ಹತ್ತಿದರು. ಚಿಗವ್ವ ಮೊಣಕಾಲೂರಿ ಚೂರುಗಳನ್ನು ಆರಿಸಿಕೊಂಡಳು. ಸಂಜೆ ಬಂದು ಈ ಹಳದಿ ಚುಕ್ಕಿಯ ಚೂರನ್ನು ಅವ್ವನ ಕೈಗೆ ಕೊಟ್ಟಳು. "ತಗೋ ಅಕ್ಕಾ. ಓಟು ಹಾಕಿ ಬಂದೈತಿ."

ಟಿಕೀಟು ಧಣಿಗೇ ಆಯಿತು. ಗೆದ್ದದ್ದೂ ಧಣಿಯೇ. ಕಥೆಯಾಗಿದ್ದರೆ ಬೇರೆ ಹೇಳುತ್ತಿದ್ದೆ. ಆದರೆ ಓಟಿಗೆ ನಾಲ್ಕು ದಿನ ಮೊದಲು ಧಣಿ ತಾವೇ ನಮ್ಮ ಓಣಿಗೆ ಬಂದರು, ವಿಧವೆಯರ ಬಾಗಿಲಲ್ಲಿ ಕೈಮುಗಿದು ನಿಂತರು. ಹೆರಿಗೆ ದವಾಖಾನೆ ನಾನೇ ತರುತ್ತೇನೆ ತಾಯಂದಿರಾ ಎಂದರು. ಅವರಿಗೂ ಎಣಿಕೆ ತಿಳಿದಿತ್ತು. ಚಿಗವ್ವ ಆ ಮಾತನ್ನು ಬಿಟ್ಟವಳಲ್ಲ. ಗೆದ್ದ ಮೇಲೆ ವಾರಕ್ಕೊಮ್ಮೆ ಮಲಾರ ಹಾಕಿಕೊಂಡು ಹೋಗಿ ಅವರ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ, ಬರೀ ಕೂಡುವುದು. ಎರಡೂವರೆ ವರ್ಷ ಕೂತಳು. ನನ್ನ ಚೊಚ್ಚಲು ಮನೆಯಲ್ಲೇ ಆಯಿತು, ದೇವರ ದಯೆ, ಇಬ್ಬರೂ ಉಳಿದೆವು. ಎರಡನೆಯವನು ಹುಟ್ಟಿದ್ದು ಆ ದವಾಖಾನೆಯಲ್ಲಿ. ಎರಡು ಮಂಚ, ಒಬ್ಬ ನರ್ಸಬಾಯಿ, ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ...

ಇಲ್ಲಿಗೆ ನಿಲ್ಲಿಸಿದರೆ ನನಗೆ ಚಂದ. ಆದರೆ ಇನ್ನೊಂದು ಉಳಿದಿದೆ, ಅದನ್ನೂ ಹೇಳಬೇಕು.

ಕೆಲವು ವರ್ಷಗಳ ಮೇಲೆ ಚಿಗವ್ವನ ಗಂಡ ತೀರಿಕೊಂಡ. ಬಳೆ ತೊಡಿಸುವವಳ ಕೈಯೇ ಬರಿದಾಯಿತು. ಮಲಾರ ಸೊಸೆಯ ಹೆಗಲಿಗೆ ಹೋಯಿತು. ನಾನು ತವರಿಗೆ ಹೋದಾಗ ಆಕೆ ತನ್ನ ಮನೆಯ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ನನ್ನ ಕೈ ನೋಡಿ, "ಒಂದು ಬಳಿ ಸೀಳೈತಿ ನೋಡು. ಕೊಡು, ಬದಲಿ ಹಾಕ್ತೇನಿ. ಕೈ ಮರತಿಲ್ಲ ಇನ್ನೂ," ಎಂದು ನಕ್ಕಳು.

ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಇಂಡಿಯಲ್ಲಿದ್ದ ಗಂಡನ ನೆನಪಾಯಿತು, ಅಪಶಕುನದ ಮಾತು ನೆನಪಾಯಿತು. ನಾಳೆ ಬರುತ್ತೇನೆ ಚಿಗವ್ವ ಎಂದೆ. ಮಾಳಿಗೆಯ ಮೇಲೆ ಕೂತು ಎಲ್ಲವನ್ನೂ ಕೇಳಿದ್ದವಳು ನಾನು! ಆಕೆಗೆ ತಿಳಿಯದೇ ಇರುತ್ತದೆಯೇ. "ಆತು ಯವ್ವಾ, ಹುಷಾರಿಂದ ಹೋಗು," ಎಂದಳು. ಆ ನಾಳೆ ಬರಲಿಲ್ಲ. ಆಕೆ ಹೋದ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತು ಕೈ ಚಾಚಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಈಗ ನನ್ನ ಕೈಯೂ ಬರಿದಾಗಿ ಮೂರು ವರ್ಷ. ಇವತ್ತು ಮುಂಜಾನೆ ಒಬ್ಬ ಹುಡುಗಿ ಬಂದಳು, ಕೊರಳ ಪಟ್ಟಿಯಲ್ಲಿ ಗುರುತಿನ ಕಾರ್ಡು, ಕೈಯಲ್ಲಿ ದೊಡ್ಡ ಮೊಬೈಲು. ಈ ಸಲ ಯಾರು ಗೆಲ್ಲುತ್ತಾರೆಂದು ಮನೆ ಮನೆ ಕೇಳುತ್ತಿದ್ದಳು.

"ಅಜ್ಜಿ, ಯಜಮಾನರು ಅದಾರೇನ್ರಿ?"

"ಇಲ್ಲವಾ. ತೀರಿಕೊಂಡಾರ."

"ಹಂಗಾರ ಮಗ ಮನ್ಯಾಗ ಇದ್ದಾಗ ಬರ್ತೇನ್ರಿ," ಎಂದು ತಿರುಗಿದಳು.

ನನಗೆ ಎಲ್ಲಿಂದ ಅಷ್ಟು ಸಿಟ್ಟು ಬಂತೋ. ಒಳಗೆ ಹೋಗಿ ಗಂಟು ಬಿಚ್ಚಿ ಚೂರು ತಂದೆ, ಮುಷ್ಟಿಯಲ್ಲಿ ಹಿಡಿದುಕೊಂಡೇ ಕೇಳಿದೆ. "ಯಾದಿಯೊಳಗ ನನ್ನ ಹೆಸರು ಐತೋ ಇಲ್ಲೋ? ಕುಂಡ್ರು. ಬರಕೋ."

ಪಾಪ, ಹೆದರಿ ಕೂತಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ನೀರು ಕುಡಿಸಿದೆ. ಏಳುವಾಗ ಎದುರಿನ ಮನೆ ತೋರಿಸಿ, ಅಲ್ಲಿಯೂ ನನ್ನಂಥವಳು ಒಬ್ಬಳಿದ್ದಾಳೆ, ಬಾಗಿಲು ತೆರೆಯುವುದು ತಡ, ಬಿಟ್ಟು ಹೋಗಬೇಡ ಎಂದೆ. ಹುಡುಗಿ ರಸ್ತೆ ದಾಟಿದಳು. ಬಾಗಿಲು ಬಡಿದಳು, ನಿಂತಳು, ಮತ್ತೆ ಬಡಿದಳು. ಬಾಗಿಲು ತೆರೆಯುವವರೆಗೂ ನಾನು ಹೊಸ್ತಿಲಲ್ಲೇ ನಿಂತಿದ್ದೆ.