ಅಡ್ಡ ಬಂದ ಬಾಣ

ಕೊಟ್ಟೂರಿನ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಗೆಳತಿ ಹಡಗಲಿಯಲ್ಲಿ ಗಣಿತ ಹೇಳುತ್ತಿದ್ದಳು. ನನಗಿಂತ ಚಿಕ್ಕವಳು, ಕುರಿ ಸಾಕುವ ಮನೆತನದವಳು, ಮಾತು ಕಡಿಮೆ. ಭಾನುವಾರ ಹಗರಿಬೊಮ್ಮನಹಳ್ಳಿಯಲ್ಲಿ ಅವಳ ಚಿಕ್ಕಮ್ಮನ ಮನೆಯ ಪಡಸಾಲೆಯಲ್ಲಿ ಕೂಡುತ್ತಿದ್ದೆವು.

ಬೇರೆ ಬೇರೆ ಊರಿನ ಕಂಪ್ಯೂಟರುಗಳು ಸಂದೇಶ ಕಳಿಸಿಕೊಳ್ಳುತ್ತ ಒಂದೇ ಕೆಲಸ ಮಾಡುವಾಗ ಅವಕ್ಕೆಲ್ಲ ಒಂದೇ ಗಡಿಯಾರ ಇರುವುದಿಲ್ಲ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬುದು ಸಂದೇಶಗಳಿಂದಲೇ ತಿಳಿಯಬೇಕು. ಇಂಥ ವ್ಯವಸ್ಥೆಗೆ ಗಣಿತದ ಮಾದರಿಯೊಂದನ್ನು ಕಟ್ಟಿ, ಅದರಲ್ಲಿ ಕಂಪ್ಯೂಟರುಗಳು ಎಂದೂ ಒಂದನ್ನೊಂದು ಕಾಯುತ್ತ ನಿಂತುಬಿಡುವುದಿಲ್ಲ ಎಂದು ಸಾಧಿಸಿದ್ದೆವು. ಹೆಚ್ಚಿನ ಕೆಲಸ ಅವಳದೇ. ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿಯೂ ಆಗಿತ್ತು.

ಒಂದು ದಿನ ತರಗತಿಯಲ್ಲಿ ಅದೇ ಮಾದರಿಯ ಚಿತ್ರ ಬರೆಯುತ್ತಿದ್ದೆ. ಸಂದೇಶಕ್ಕೊಂದು ಬಾಣ. ಹಲಗೆಯ ಕೆಳಭಾಗದಲ್ಲಿ ಜಾಗ ಸಾಲದೆ ಎರಡನೆಯ ಬಾಣವನ್ನು ಮೊದಲನೆಯದನ್ನು ಅಡ್ಡ ಹಾಯುವಂತೆ ಎಳೆದೆ. ಅಂದರೆ, ಆಮೇಲೆ ಹೊರಟ ಸಂದೇಶ ಮೊದಲು ತಲುಪಿತು. ಮುಂದೆ ಬರೆಯಲು ಹೋದರೆ ಎರಡೂ ಕಂಪ್ಯೂಟರುಗಳು ಒಂದನ್ನೊಂದು ಕಾಯುತ್ತ ನಿಂತವು. ಅಳಿಸಿ ಮತ್ತೆ ಬರೆದೆ. ಹಾಗೇ ಆಯಿತು.

ಸಂಜೆ ಫೋನ್ ಮಾಡಿದೆ. "ಸಂದೇಶ ದಾರಿಯಾಗ ಹಿಂದಮುಂದ ಆದ್ರ ಎಲ್ಲಾ ನಿಲ್ತೈತಿ ನೋಡು."

"ಹಂಗ ಆಗಂಗಿಲ್ಲಕ್ಕ. ನಾ ನೋಡೇನಿ."

"ಚಿತ್ರ ಕಳಿಸೀನಿ. ನೀನ ನೋಡು."

ಆ ಕಡೆ ಅವಳು ಒಂದೊಂದೇ ಬಾಣ ಎಣಿಸುವುದು ಕೇಳಿಸಿತು. ಆಮೇಲೆ, "ಕಳ್ಸಿದ್ದನ್ನ ವಾಪಸ್ ತಗೊಳ್ರಿ" ಎಂದು ಫೋನ್ ಇಟ್ಟಳು. ನನಗೆ ಯಾವತ್ತೂ 'ರಿ' ಹಚ್ಚಿದವಳಲ್ಲ.

ಲೇಖನ ಹಿಂದಕ್ಕೆ ಪಡೆದೆ. ಮುಂದಿನ ಕೆಲವು ಭಾನುವಾರ ಅವಳು ಬರಲಿಲ್ಲ. ಚಿಕ್ಕಮ್ಮ, "ಏನ್ ಕೆಲಸ ಬಂತೋ ಏನೋ. ನೀವರ ಉಣ್ರಿ" ಎಂದು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸುತ್ತಿದ್ದರು. ಉಂಡು ಬಸ್ಸು ಹತ್ತುತ್ತಿದ್ದೆ. ನಮ್ಮ ಗೆಳೆತನ ಇಷ್ಟಕ್ಕೇ ಮುಗಿಯಿತೇನೋ ಅಂದುಕೊಂಡಿದ್ದೆ.

ಮತ್ತೊಂದು ಭಾನುವಾರ ನಾನು ಹೋಗುವಷ್ಟರಲ್ಲಿ ಅವಳೇ ಬಂದು ಕೂತಿದ್ದಳು. ಮುಂದಿಟ್ಟ ಹಾಳೆಯ ಮೇಲ್ಗಡೆ ಹೊಸದೊಂದು ಷರತ್ತು: ಕಳಿಸಿದ ಕ್ರಮದಲ್ಲೇ ಸಂದೇಶಗಳು ತಲುಪಬೇಕು.

"ಇಂಥವಕ್ಕಷ್ಟ ಸಾಧಿಸಬಹುದಕ್ಕ. ಸಣ್ಣದಾತು."

"ಖರೇ ಐತಲ್ಲ?"

"ಐತಿ." ಹಾಳೆಯನ್ನು ನನ್ನತ್ತ ಸರಿಸಿ ಹೇಳಿದಳು, "ನಿನ್ನ ಮ್ಯಾಲೆ ಸಿಟ್ಟಿದ್ದಿಲ್ಲ. ಖರೇ ಅಲ್ಲದ್ದನ್ನ ಅಷ್ಟು ಗಟ್ಟಿಯಾಗಿ ನಂಬಿದ್ನಲ್ಲ, ಮುಖ ತೋರಸಾಕ ಆಗಲಿಲ್ಲ."

ಆ ಸಣ್ಣ ಪ್ರಮೇಯ ಅಚ್ಚಾಯಿತು. ಯಾರು ಓದಿದರೋ ತಿಳಿಯದು. ಈಗ ಅವಳು ಹರಪನಹಳ್ಳಿಯಲ್ಲಿದ್ದಾಳೆ. ಕ್ರಮ ತಪ್ಪಿ ಬರುವ ಸಂದೇಶಗಳ ಲೆಕ್ಕವನ್ನೇ ಹಿಡಿದು ಕೂತಿದ್ದಾಳೆ. ಜೊತೆಗೆ ಕರೆದಳು, ನಾನು ಒಲ್ಲೆ ಎಂದೆ. ನನಗೆ ಪಾಠವೇ ಸಾಕೆನಿಸಿತ್ತು. ಆದರೂ ಬರೆದಷ್ಟನ್ನು ಕಳಿಸುತ್ತಾಳೆ. ತಪ್ಪು ಕಂಡರೆ ಫೋನ್ ಮಾಡುತ್ತೇನೆ.